ಆಗಿಹೋದದ್ದನ್ನು ಕೇಳಬಾರದು

ಸುನಾಮಿಯ ಮರುದಿನ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ನಮ್ಮ ಆಫೀಸಿನಲ್ಲಿ ನಾನು ಅತ್ತೆನಂತೆ. ನನಗೆ ನೆನಪಿರುವುದು ಫೋನು ಮಾತ್ರ. ಅಣ್ಣ ಮಾಲ್ಡೀವ್ಸಿನ ದ್ವೀಪವೊಂದರ ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಅಲ್ಲಿಗೆ ಲೈನ್ ಸಿಗುತ್ತಿರಲಿಲ್ಲ. ಕುಂದಾಪುರದಿಂದ ಅತ್ತಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದರು: "ಎಂತಾದ್ರೂ ಗೊತ್ತಾಯ್ತಾ?"

ಪಕ್ಕದ ಮೇಜಿನ ಅಕ್ಕ ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದವರು. ಆಫೀಸಿನವರೆಲ್ಲ ಅವರನ್ನು ಮರಾಠಿ ಹಿಂದೂ ಎಂದುಕೊಂಡಿದ್ದರು. ಅವರದು ಕೊಂಕಣದ ಕಡೆಯ ಯಹೂದಿ ಮನೆತನ ಎಂಬುದು ನನಗೊಬ್ಬನಿಗೆ ಗೊತ್ತಿತ್ತು. ಆಗಿನ ಅಬುಧಾಬಿಯಲ್ಲಿ ಅದನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ.

"ಅಕ್ಕ, ನಿಮ್ಮ ದೇವರಿಗೂ ಒಂದು ಹರಕೆ ಹೇಳಿ. ನೀರು ಬರುವಾಗ ಅಣ್ಣ ಅಲ್ಲಿ ಇದ್ದಿರಬಾರ್ದು ಅಂತ."

"ಅದನ್ನ ಕೇಳಬಾರದೋ ತಮ್ಮಾ."

ನನಗೆ ಸಿಟ್ಟು ಬಂತು.

"ಆಗಿದ್ದು ಆಗೇತಿ. ಊರಾಗ ಯಾರೋ ಅಳೋದು ದೂರದಿಂದ ಕೇಳ್ತು ಅಂದ್ರ, ಅದು ನಮ್ಮನಿ ಆಗಿರಬಾರದು ಅಂತ ಬೇಡಬಾರದಂತ ನಮ್ಮೊಳಗ. ಅದು ಪೊಳ್ಳು ಬೇಡಿಕೆ. ಮುಂದಿಂದು ಕೇಳು."

"ಮುಂದಿನದ್ದು ಎಂತ ಕೇಳುದು ಮಾರಾಯ್ರೆ? ಇದ್ದಾನೋ ಇಲ್ವೋ ಗೊತ್ತಿಲ್ಲ."

"ಗೊತ್ತಾಗೋ ತನಕ ಬ್ಯಾರೇದವರಿಗೆ ಏನರ ಮಾಡು. ಬೇಡೋಕ್ಕಿಂತ ಮೊದಲ ಕೊಡಬೇಕು. ಸಂಜಿಗೆ ಬಾ."

ಸಂಜೆ ಅವರು ಕರೆದೊಯ್ದದ್ದು ಒಂದು ಸಭಾಂಗಣಕ್ಕೆ. ತಮಿಳುನಾಡಿನ ಕರಾವಳಿಗೆ ಕಳಿಸಲು ಹೊದಿಕೆ, ಔಷಧಿ ತುಂಬುತ್ತಿದ್ದರು. ಅಕ್ಕ, ಅವರ ಗಂಡ ಇಬ್ಬರೂ ನೆಲದ ಮೇಲೆ ಕೂತು ಪೆಟ್ಟಿಗೆ ಕಟ್ಟಿದರು. ಕೊಟ್ಟವರು ಯಾರೆಂದು ಯಾವುದರ ಮೇಲೂ ಬರೆಯಲಿಲ್ಲ. ಭಯಕ್ಕೋ, ಅವರಲ್ಲಿ ಹಾಗೇ ಪದ್ಧತಿಯೋ, ನಾನು ಕೇಳಲಿಲ್ಲ. ನಾನು ಒಂದೇ ಪೆಟ್ಟಿಗೆಗೆ ಟೇಪು ಸುತ್ತುತ್ತಲೇ ಇದ್ದೆ.

"ಏ, ಟೇಪ್ ಹಚ್ಚಾಕತ್ತೀಯೋ, ಗಾಯಕ್ಕ ಪಟ್ಟಿ ಕಟ್ಟಾಕತ್ತೀಯೋ?" ಎಂದರು ಅಕ್ಕ.

ನಗುವಷ್ಟರಲ್ಲಿ ಫೋನು. ಅತ್ತಿಗೆಯ ನಂಬರು. ಈ ಕರೆ ಮನೆಗೆ ಬಂದ ಮೇಲೆ ಬಂದದ್ದು ಎನ್ನುತ್ತಾಳೆ ನನ್ನ ಹೆಂಡತಿ. ಇದ್ದೀತು. ಆದರೆ ನನ್ನ ತಲೆಯಲ್ಲಿ ಆ ಫೋನು ಟೇಪಿನ ಸದ್ದಿನ ನಡುವೆಯೇ ಬಡಿದುಕೊಳ್ಳುತ್ತದೆ. ಎತ್ತುವ ಮೊದಲು, ಅಕ್ಕ ಕೇಳಬಾರದು ಎಂದಿದ್ದನ್ನೇ ದೇವರಲ್ಲಿ ಕೇಳಿದೆ.

ಅಣ್ಣ ಬದುಕಿದ್ದ. ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂತಿದ್ದನಂತೆ. ಅವನ ಕೋಣೆಯಲ್ಲೇ ಇದ್ದ ಇನ್ನೊಬ್ಬ ಅಡುಗೆಯವ ಮಾತ್ರ ಸಿಕ್ಕಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಅಕ್ಕ ಖಾಲಿದಿಯಾ ಬಡಾವಣೆಯ ತಮ್ಮ ಫ್ಲ್ಯಾಟಿಗೆ ಕರೆದರು. ಪರದೆ ಎಳೆದಿತ್ತು. ದೊಡ್ಡ ತಟ್ಟೆಯಲ್ಲಿ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಸುತ್ತ ಹಣ್ಣು. ಕಂಟಕ ಕಳೆದರೆ ಅವರು ಮಾಡುವ ಮಲಿದಾ ಅದು. ಅವರ ಗಂಡ ಪಕ್ಕದ ಮನೆಗೆ ಕೇಳಿಸದಂತೆ ಪ್ರಾರ್ಥನೆ ಹೇಳಿದರು. ಸಿಗದಿದ್ದ ಆ ಅಡುಗೆಯವನ ತಾಯಿ ಮಾತ್ರ ಇನ್ನೂ ದಿನವೂ ಅಣ್ಣನಿಗೆ ಫೋನ್ ಮಾಡುತ್ತಿದ್ದರು.

"ಅಕ್ಕ, ಅವನಿಗೋಸ್ಕರ ಎಂತ ಕೇಳುದು?"

"ಸಿಗಲಿ ಅಂತ ಕೇಳು."

"ಜೀವಂತ ಸಿಗಲಿ ಅಂತಲಾ?"

ಅಕ್ಕ ಗಂಡನ ಮುಖ ನೋಡಿದರು. ಅವರು ತಟ್ಟೆಯನ್ನೇ ನೋಡುತ್ತಿದ್ದರು.

"ಸಿಗಲಿ ಅನ್ನು ಸಾಕು. ಮಣ್ಣು ಮಾಡಾಕರ ಸಿಗಬೇಕಲ್ಲೋ ಆ ತಾಯಿಗೆ."

ಸಿಗಲಿ, ಎಂದೆ. ಇನ್ನೊಂದು ಮಾತು ಸೇರಿಸಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕೈಗೆ ಒಂದು ಬಾಳೆಹಣ್ಣು ಇಟ್ಟರು.