ಲಿಂಗಕ್ಕೇರಿದ ಬೀರಿನ ಹೂವು

ನಾನು ಮಾಡಿದ ತಪ್ಪುಗಳಲ್ಲಿ ನೆನೆದರೆ ನಗು ಬರುವಂಥದ್ದು ಇದೊಂದೇ. ವಯಸ್ಸಾಯಿತು, ಒಪ್ಪಿಕೊಂಡುಬಿಡುತ್ತೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗಿನ್ನೂ ಮದುವೆಯಾಗಿರಲಿಲ್ಲ. ಹೊನ್ನಾಳಿಯಲ್ಲಿ ಪಂಪ್‌ಸೆಟ್ಟುಗಳ ಮೋಟಾರಿಗೆ ವೈಂಡಿಂಗ್ ಮಾಡಿಕೊಂಡು ಅಣ್ಣನ ಮನೆಯಲ್ಲಿದ್ದೆ. ಮನೆ ನಡೆಯುತ್ತಿದ್ದುದು ಅತ್ತಿಗೆಯ ಮಾತಿನ ಮೇಲೆ. ಇಷ್ಟಲಿಂಗದ ಪೂಜೆ ಮುಗಿಯದೆ ಅವರು ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಅಂಥ ಮನೆಯೊಳಗೆ ನಾನು ಬೀರಿಗೆ ಹಾಕುವ ಹೂವನ್ನು ತಂದಿಟ್ಟೆ.

ಕೊಟ್ಟವನು ನ್ಯಾಮತಿಯ ಗೆಳೆಯ, ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ದೂರದೂರಿನ ಬೀರು ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಎರಡು ತಿಂಗಳ ರಜೆ ಹಾಕಿ ಬಂದವನು ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಮೂಗಿಗೆ ಹಿಡಿದ. ಒಳಗೆ ಒಣಗಿದ ಹಸಿರು ಹೂವು, ಎಸಳ ಮೇಲೆ ಎಸಳು, ಮುಟ್ಟಿದರೆ ಕಾಗದದಷ್ಟು ಹಗುರ. ಹೇರಳೆಕಾಯಿ ಸಿಪ್ಪೆಯನ್ನು ಉಗುರಿನಿಂದ ಕೆರೆದಂಥ ವಾಸನೆ.

"ಹಾಪ್ಸ್ ಅಂತಾರೆ ಇದಕ್ಕೆ. ಬೀರಿಗೆ ಕಹಿ ಬರೋದೇ ಇದರಿಂದ. ಇದು ಅಮೆರಿಕದ ಹೊಸ ಜಾತಿ. ಪರೀಕ್ಷೆ ಮಾಡಾಕೆ ಕಳಿಸಿದ್ರು. ನಮ್ಮ ಸಾಹೇಬ್ರು ನಿಂಬೆ ಪಾನಕದಂಗೈತೆ, ಬಿಸಾಕು ಅಂದ್ರು."

"ನಾವೇ ಬೀರು ಮಾಡಾಣೇನಲೇ?"

"ಮತ್ತೆ? ನಿನ್ನ ತಲಿಗೆ ಮುಡಿಸಾಕೆ ತಂದೀನಾ?"

ಮನೆಯಲ್ಲಿ ಬೀರು ಮಾಡುವುದು ಸರ್ಕಾರಕ್ಕೂ ತಪ್ಪು, ನಮ್ಮ ಮನೆತನಕ್ಕೂ ತಪ್ಪು. ಎರಡೂ ಗೊತ್ತಿದ್ದೇ ಹೊಲದ ಪಂಪ್‌ಮನೆಯಲ್ಲಿ ಒಲೆ ಹೂಡಿದೆ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ನೆನೆಹಾಕಿ ಸೋಸಿ ಬೆಲ್ಲ ಸೇರಿಸಿದೆ. ಹುದುಗಿಸಲು ಈಸ್ಟ್ ಬೇಕಿತ್ತು. ಅತ್ತಿಗೆ ಬ್ರೆಡ್ ಮಾಡುತ್ತಾರೆಂದು ಸುಳ್ಳು ಹೇಳಿ ಚನ್ನಗಿರಿಯ ಬೇಕರಿಯಿಂದ ತಂದೆ. ಆದರೆ ನಮ್ಮಲ್ಲಿ ಕಷಾಯವೆಂದರೆ ನಾಲ್ಕು ಲೋಟ ಒಂದಕ್ಕೆ ಇಳಿಯಬೇಕು. ಹೂವನ್ನೂ ಅದೇ ಲೆಕ್ಕದಲ್ಲಿ ಕುದಿಸಿದೆ. ಘಮವೆಲ್ಲ ಹಾರಿಹೋಯಿತು. ಗೆಳೆಯ ಒಂದು ಗುಟುಕು ಬಾಯಿಗೆ ಹಾಕಿಕೊಂಡವನೇ ಉಗಿಯಲು ಹೊರಗೆ ಓಡಿದ.

"ಇದು ಜ್ವರಕ್ಕೆ ಕಾಸಿದ್ದೇನಲೇ? ಕಹಿಗೆ ನಾಕು ಹೂವು ಕುದಿಸು, ಸಾಕು. ಉಳಿದಿದ್ದು ಒಲೆ ಆರಿಸಿದ ಮ್ಯಾಲೆ ಹಾಕಿ ಮುಚ್ಚು. ಆಗ ವಾಸನೆ ನಿಲ್ತೈತೆ."

ಮಿಕ್ಕ ಹೂವನ್ನು ಬಿಸಿಲು ತಾಗದಿರಲೆಂದು ಮನೆಯ ಕತ್ತಲೆ ಕೋಣೆಯ ಮಡಕೆಯಲ್ಲಿ ಇಟ್ಟಿದ್ದೆ. ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡಿದರೆ ಅತ್ತಿಗೆ ಪೂಜೆಗೆ ಕೂತಿದ್ದಾರೆ. ಎಡಗೈಯಲ್ಲಿ ಲಿಂಗ, ಅದಕ್ಕೆ ವಿಭೂತಿ, ಅದರ ಮೇಲೆ ಅಮೆರಿಕದ ಬೀರಿನ ಹೂವು.

ಪೂಜೆ ಮುಗಿಯುವತನಕ ಕಂಬದ ಹಾಗೆ ನಿಂತೆ.

"ಮಡಿಕ್ಯಾಗಿತ್ತಪ್ಪ, ತಗಂಡೆ. ಈ ಬಿಸಿಲಾಗೆ ಹಿತ್ತಲಾಗೆ ಒಂದು ಹೂವಿಲ್ಲ. ಎಷ್ಟು ಘಮ್ಮಂತೈತೆ! ಯಾವ ಹೂವು ಇದು?"

"ಘಟ್ಟದ ಹೂವು ಅತ್ತಿಗೆ. ಗೆಳೆಯ ಕೊಟ್ಟ."

"ನೀನು ಮನಿಗೆ ತಂದಿದ್ದರಾಗೆ ಒಂದಾದ್ರೂ ನೆಟ್ಟಗಿನ ವಸ್ತು ಬಂತಲ್ಲ!"

ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಒಂದೇ ಮಡಕೆಯಿಂದ ಬೆಳಿಗ್ಗೆ ಅವರು ಎರಡು ಹೂವು ತೆಗೆಯುತ್ತಿದ್ದರು, ಒಂದು ಮಧ್ಯಾಹ್ನ ನಾನು ಎರಡು ಬೊಗಸೆ ಕದ್ದು ಪಂಪ್‌ಮನೆಗೆ ಒಯ್ದೆ. ಈ ಸಲ ಗೆಳೆಯ ಹೇಳಿದಂತೆಯೇ ಮಾಡಿದೆ. ಬಾಟಲಿಗಳನ್ನು ನಾಲೆಯ ನೀರಿನಲ್ಲಿ ತಣಿಸಿ ಬಿರಡೆ ಕಿತ್ತರೆ ನೊರೆಯ ಜೊತೆಗೇ ಹೇರಳೆಯ ಘಮ. ಮೊದಲು ರಾಗಿಯ ಸಿಹಿ, ಹಿಂದೆಯೇ ಕಹಿ, ಕೊನೆಗೆ ನಾಲಿಗೆಯ ಮೇಲೆ ಹಣ್ಣಿನ ಹುಳಿ. ಇಬ್ಬರೂ ಬದುವಿನ ಮೇಲೆ ಕುಣಿದೆವು. ಆದರೂ ಪ್ರತಿ ಗುಟುಕಿಗೂ ಅತ್ತಿಗೆಯ ಅಂಗೈ ಕಣ್ಣ ಮುಂದೆ ಬರುತ್ತಿತ್ತು.

ಒಂದು ದಿನ ಅವರು ಹೂವನ್ನು ಬಾಳೆಎಲೆಯಲ್ಲಿ ಕಟ್ಟುತ್ತಿದ್ದರು.

"ಸಾಸ್ವೆಹಳ್ಳಿಗೆ, ತವರುಮನಿಗೆ. ಸ್ವಾಮಿಗಳು ಬರ್ತಾರಂತೆ. ಪಾದಪೂಜಿಗೆ ಆಗ್ತೈತೆ."

ನಾನು ಕೈ ಅಡ್ಡ ಹಿಡಿದೆ. "ಅತ್ತಿಗೆ, ಅದು ಘಟ್ಟದ ಹೂವಲ್ರಿ. ಬೀರಿಗೆ ಹಾಕೋದು."

"ಬೀರಿನಾಗೆ ಇಡ್ತಾರೇನು, ಸೀರಿಗೆ ಹುಳ ಬೀಳದಂಗೆ?"

ಅವರಿಗೆ ಬೀರು ಎಂದರೆ ಬಟ್ಟೆ ಇಡುವ ಕಬ್ಬಿಣದ ಕಪಾಟು. ಹೌದು ಅಂದಿದ್ದರೆ ನಾನು ಬಚಾವ್. ಆದರೆ ಹೂವು ಸ್ವಾಮಿಗಳ ಪಾದಕ್ಕೆ ಹೊರಟಿತ್ತು.

"ಆ ಬೀರು ಅಲ್ರಿ. ಕುಡಿಯೋ ಬೀರು. ನಾನೂ ಮಾಡೀನಿ, ಪಂಪ್‌ಮನ್ಯಾಗೆ."

ಅವರ ಕೈಯಲ್ಲಿದ್ದ ಬಾಳೆನಾರು ಕೆಳಗೆ ಬಿತ್ತು. ಎರಡು ದಿನ ನನ್ನೊಡನೆ ಮಾತಿಲ್ಲ. ಹೂವಿಲ್ಲದೆ ಬರೀ ವಿಭೂತಿಯಲ್ಲಿ ಪೂಜೆ ಮಾಡಿದರು. ಅಷ್ಟು ದಿನದ ಅವರ ಪೂಜೆಯನ್ನೆಲ್ಲ ನಾನು ಕೆಡಿಸಿದೆನಲ್ಲ ಎಂದು ನನಗೆ ಅನ್ನ ಇಳಿಯಲಿಲ್ಲ. ಮೂರನೆಯ ಬೆಳಿಗ್ಗೆ ಕರೆದರು.

"ಯೋಚ್ನೆ ಮಾಡಿದೆ ನೋಡಪ್ಪ. ಹೂವಿಂದೇನು ತಪ್ಪೈತೆ? ಅದನ್ನ ಕುದಿಸಿದೋನು ನೀನು. ಲಿಂಗಕ್ಕೆ ಏರಿದ ಮ್ಯಾಲೆ ಆ ಮಡಿಕ್ಯಾಗಿರೋದೆಲ್ಲ ದೇವರದು. ಇನ್ನ ನಿನ್ನ ಬೀರಿಗೆ ಒಂದು ಎಸಳೂ ಇಲ್ಲ, ತಿಳೀತಾ?"

ತಿಳಿಯಿತು ಅಂದೆ. ಅವರ ತುಟಿಯ ಮೂಲೆಯಲ್ಲಿ ನಗು ಕಂಡಿತು. ಆಮೇಲೆ ತಡೆಯಲಾರದೆ, "ಸೀರಿಗೆ ಹುಳ ಅಂದೆನಲ್ಲೋ!" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಗಂಟನ್ನು ಸಾಸ್ವೆಹಳ್ಳಿಗೆ ಕಳಿಸಲಿಲ್ಲ. ಹೂವು ಮುಗಿಯುವತನಕ ಅದರಲ್ಲೇ ಪೂಜೆ ಮಾಡಿದರು.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಪಂಪ್‌ಮನೆಯ ಗೂಡಿನಲ್ಲಿ ಅದೇ ಮಡಕೆಯ ಒಂದು ಬೊಗಸೆ ಹೂವು ಉಳಿದಿತ್ತು. ತಂದು ಒಪ್ಪಿಸಬೇಕಿತ್ತು. ಬದಲಿಗೆ ಮೂರನೆಯ ಸಲ ಬೀರು ಮಾಡಿದೆ. ಬಾಟಲಿ ತೆಗೆಯುವ ದಿನ ಗೆಳೆಯನಿಗೆ ಅತ್ತಿಗೆಯ ಮಾತನ್ನು ಹೇಳಿದೆ. ಬಾಯಿಗಿಟ್ಟ ಲೋಟವನ್ನು ಅವನು ಕೆಳಗಿಟ್ಟ.

"ಹಂಗಾದ್ರೆ ಇದು ಪ್ರಸಾದ. ಚಪ್ಪಲಿ ಬಿಡಲೇ ಮೊದಲು."

ಇಬ್ಬರೂ ಚಪ್ಪಲಿ ಬಿಟ್ಟೆವು. ಸುಡುಬಿಸಿಲಿಗೆ ಕಾದ ನೆಲದ ಮೇಲೆ ಕಾಲು ಬದಲಿಸುತ್ತ, ತೀರ್ಥದಂತೆ ಮೂರು ಸಲ ಅಂಗೈಗೆ ಹಾಕಿಕೊಂಡು ಕುಡಿದೆವು. ಆಮೇಲೆ ಬಾಟಲಿಗೇ ಬಾಯಿಟ್ಟೆವು. ಅಷ್ಟು ಚೆನ್ನಾಗಿ ಆ ಹಿಂದಿನ ಎರಡೂ ಬಂದಿರಲಿಲ್ಲ.

ಅತ್ತಿಗೆ ಲಿಂಗೈಕ್ಯರಾಗುವವರೆಗೂ "ನಮ್ಮ ಮೈದುನ ಕೊನಿಗೆ ನಿಜ ಹೇಳಿದ" ಎಂದು ನಂಟರ ಮುಂದೆ ಹೊಗಳುತ್ತಿದ್ದರು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಅವರು ಅದನ್ನು ವಿನಯವೆಂದುಕೊಂಡರು. ತಪ್ಪಾಯಿತು ಅತ್ತಿಗೆ, ಒಂದು ಬೊಗಸೆ ನನ್ನಲ್ಲಿತ್ತು.