ಸೌಡಿ ತಾಯಪ್ಪನ ರಜೆ

ತುರ್ವಿಹಾಳದ ತಾಯಪ್ಪ ಕಾಲುವೆಯ ಸೌಡಿ. ತೂಬಿನ ಗೇಟು ತಿರುಗಿಸಿ, ಪಾಳಿಯ ಪ್ರಕಾರ ಹೊಲಗಳಿಗೆ ನೀರು ಬಿಡುವುದು ಅವನ ಕೆಲಸ. ಗೇಟಿನ ಕೀಲಿ ಸದಾ ಅವನ ಉಡಿದಾರದಲ್ಲಿರುತ್ತಿತ್ತು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಹದಿನಾರು ವರ್ಷದಲ್ಲಿ ಒಂದು ಪಾಳಿಯನ್ನೂ ತಪ್ಪಿಸಿದವನಲ್ಲ.

"ಹರಿಯೋ ನೀರು ನೋಡಿ ನೋಡಿ ಸಾಕಾಗೈತಿ. ಮ್ಯಾಲಿಂದ ಬೀಳೋ ನೀರು ತೋರ್ಸು," ಎಂದು ಹೆಂಡತಿ ಅಮರಮ್ಮ ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಲಿಂಗಸುಗೂರಿನ ಆಚೆ ಮಳೆಗಾಲದಲ್ಲಿ ಜಲಪಾತ ಬೀಳುತ್ತದೆಂದು ರೇಡಿಯೋದಲ್ಲಿ ಕೇಳಿದ್ದಳು. ೧೯೯೧ರ ಶ್ರಾವಣದಲ್ಲಿ ಒಂದು ದಿನ ತಾಯಪ್ಪ ಗೆಳೆಯ ಹೊನ್ನೂರಪ್ಪನ ರಾಜದೂತ್ ಮೋಟರ್‌ಸೈಕಲ್ ಕೇಳಿ ತಂದ. ಆದರೆ ಅಂದು ಸಂಜೆ ಆರಕ್ಕೆ ಕಾಲುವೆಯ ಕೊನೆಯ ಹೊಲದ ಗಾಳೆಮ್ಮನ ಪಾಳಿ. ಹತ್ತು ನಿಮಿಷ ತಡವಾದರೂ ಮೇಲಿನ ಹೊಲದವರು ಅವಳ ನೀರನ್ನು ತಿರುಗಿಸಿಕೊಳ್ಳುತ್ತಿದ್ದರು. ಆರರೊಳಗೆ ಮರಳುವುದೆಂದು ಗಂಡ ಹೆಂಡತಿ ಹೊರಟರು.

ಮಸ್ಕಿಯಲ್ಲಿ ಚಹಾ ಕುಡಿಯುತ್ತ ತಾಯಪ್ಪ ಹೋಟೆಲಿನ ರಹಿಮಾನನನ್ನು ಕೇಳಿದ: "ಜಲಪಾತ ಎಲ್ಲೈತ್ರಿ?"

"ಜಲಪಾತಪ್ಪ? ಆ ಹೆಸರಿನವ್ರು ಈ ಓಣ್ಯಾಗ ಯಾರೂ ಇಲ್ಲ ನೋಡ್ರಿ."

ಅಮರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ನೀರು ಬೀಳೋ ಜಾಗ ರೀ," ಎಂದ ತಾಯಪ್ಪ.

"ಹಂಗನ್ರಿ ಮತ್ತ! ಡ್ಯಾಂ ಕಡೆ ಹೋಗ್ರಿ."

ಇಪ್ಪತ್ತು ಸಲ ಒದ್ದ ಮೇಲೆ ಗಾಡಿ ಶುರುವಾಯಿತು. ಹೋಗಿ ನೋಡಿದರೆ ಡ್ಯಾಮಿನ ಗೇಟುಗಳು ಮುಚ್ಚಿದ್ದವು. ತಾಯಪ್ಪ ಗೇಟಿನ ಚಕ್ರದ ಹಲ್ಲು ಎಣಿಸತೊಡಗಿದ.

"ಇವತ್ತೂ ಗೇಟ ಬೇಕಾ ನಿನಗ?" ಎಂದು ಅಮರಮ್ಮ ರೇಗಿದಳು.

ಲಿಂಗಸುಗೂರು ತಲುಪುವಷ್ಟರಲ್ಲಿ ಎರಡು ದಾಟಿತ್ತು. ಪೇರಲ ಮಾರುವ ದಾವಲ್‌ಬೀ ಮಾತ್ರ ದಾರಿ ಬಲ್ಲವಳು. "ಧೋ ಅಂತ ಸಪ್ಪಳ ಮಾಡ್ತೈತಲ್ಲ, ಅದಾ? ಹಳ್ಳದ ಜಾಡು ಹಿಡಿದು ಹೋಗ್ರವ್ವಾ."

ಕೆಸರು ದಾರಿ ಬಂಡೆಗಳ ಬಳಿ ಮುಗಿಯಿತು. ಮೂರೂವರೆ. ತಾಯಪ್ಪನ ಕೈ ಮತ್ತೆ ಮತ್ತೆ ಸೊಂಟದ ಕೀಲಿಯ ಮೇಲೆ ಹೋಗುತ್ತಿತ್ತು. ಇಂಜಿನ್ ಬಂದ್ ಮಾಡಿದರೆ ಮತ್ತೆ ಶುರುವಾಗುವ ಖಾತರಿಯಿಲ್ಲ.

"ನೀ ಗಾಡಿ ಹಿಡ್ಕೊಂಡಿರು. ಒಂದು ನದರು ನೋಡಿ ಓಡಿ ಬರ್ತೀನಿ," ಎಂದು ಅಮರಮ್ಮ ಬಂಡೆಗಳ ಆಚೆ ಇಳಿದುಹೋದಳು.

ತಾಯಪ್ಪ ಕಿವಿಗೊಟ್ಟ. ಇಂಜಿನ್ನಿನ ಗದ್ದಲದಲ್ಲಿ ನೀರಿನ ಸದ್ದೂ ಕೇಳಲಿಲ್ಲ. ಕೈಗಡಿಯಾರ ನೋಡಿದ, ಹಾರ್ನ್ ಬಾರಿಸಿದ, ಮತ್ತೆ ಗಡಿಯಾರ ನೋಡಿದ.

ಅವಳು ಏದುಸಿರು ಬಿಡುತ್ತ ಬಂದು ಹಿಂದೆ ಕೂತಳು.

"ಹೆಂಗೈತಿ?"

"ಏನಿಲ್ಲ ಬಿಡು. ನಮ್ಮ ತೂಬಿನಷ್ಟ ಬೀಳ್ತೈತಿ. ನೀ ನೋಡ್ದಿದ್ರೂ ನಡೀತೈತಿ."

ಅವನಿಗೆ ಸಮಾಧಾನವಾಯಿತು. ಆದರೆ ಮಸ್ಕಿ ದಾಟಿದರೂ ಅವಳು ಒರಗಿದ್ದ ಅವನ ಬೆನ್ನು ಆರಲಿಲ್ಲ. ಅವಳ ಜಡೆಯಿಂದ ಅಂಗಿಗೆ ನೀರು ಇಳಿಯುತ್ತಲೇ ಇತ್ತು. ನೀರನ್ನು ಇಂಚಿನಲ್ಲಿ ಅಳೆಯುವವನು ಅವನು. ತೂಬಿನಷ್ಟು ನೀರಿಗೆ ಹೆಂಗಸು ನೆತ್ತಿಯಿಂದ ಹೀಗೆ ತೋಯುವುದಿಲ್ಲ.

ಆರಕ್ಕೆ ಐದು ನಿಮಿಷ ಇರುವಾಗ ಗೇಟಿನ ಬೀಗ ತೆಗೆದ. ಸಲಿಕೆ ಹಿಡಿದು ಕಾಯುತ್ತಿದ್ದ ಗಾಳೆಮ್ಮ ನೀರಿನ ಹಿಂದೆಯೇ ಹೊಲಕ್ಕೆ ಓಡಿದಳು.

"ಸುಳ್ಳ್ಯಾಕ ಹೇಳಿದಿ?" ಎಂದ ತಾಯಪ್ಪ.

ಅಮರಮ್ಮ ಜಡೆ ಹಿಂಡಿಕೊಂಡಳು. "ಖರೇ ಹೇಳಿದ್ರ ದಾರಿ ತುಂಬ ಹಳಹಳಿಸ್ತಿದ್ದಿ. ಯಪ್ಪಾ, ಏನು ನೀರು ಅದು!"

ಮರುದಿನ ತಾಯಪ್ಪ ತನ್ನ ನೌಕರಿಯ ಮೊದಲ ರಜೆ ಅರ್ಜಿ ಬರೆದ. ಕಾರಣ: ನೀರು ನೋಡಲು.

ನೀರಾವರಿ ಆಫೀಸಿನ ಸಾಹೇಬರು ನಕ್ಕರು. "ಲೇ ತಾಯಪ್ಪ, ದಿನಾ ನೋಡೋದೇನಲೇ ಮತ್ತ?"

"ಅದು ನಾ ಬಿಡೋ ನೀರು, ಸಾಹೇಬ್ರ. ಇದು ತಾನ ಬೀಳೋದು."

ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟು ಹೊರಬಂದ. ಅಮರಮ್ಮ ಕಾಯುತ್ತಿದ್ದ ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಅವನ ಕೈ ಬರಿದಾದ ಉಡಿದಾರವನ್ನು ತಡವುತ್ತಲೇ ಇತ್ತು.