ಬಾಯಿ ಮುಚ್ಚಿಸಿದ್ದ ಒಂದು ಎಚ್ಚರಿಕೆ

ಬೆಳಗಿನ ಐದು ಗಂಟೆ. ಅಡುಗೆಮನೆಯ ಮೇಜಿನ ಮೇಲೆ, ಪಾತ್ರೆಗಳನ್ನು ಸದ್ದಾಗದಂತೆ ಸರಿಸಿ ಲ್ಯಾಪ್‌ಟಾಪ್‌ಗೆ ಜಾಗ ಮಾಡಿಕೊಳ್ಳುತ್ತಿದ್ದಾರೆ ಚೀಟಿ ಅಕ್ಕ. ಔಷಧದ ಶೀಶೆಗೆ ಅಂಟಿಸುವ ಚೀಟಿ ಮುದ್ರಿಸುವ ಪ್ರೋಗ್ರಾಂ ಅವರದು. ಹೆಸರು ಬಂದದ್ದೂ ಅದರಿಂದಲೇ. ಇನ್ನೂರ ಆರು ಸಣ್ಣ ಆಸ್ಪತ್ರೆಗಳು ಅದನ್ನು ಪುಕ್ಕಟೆಯಾಗಿ ಬಳಸುತ್ತವೆ; ಬಲ್ಲವರು ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಹಗಲೆಲ್ಲ ಗ್ರಂಥಾಲಯದ ಕೆಲಸ. ಇದಕ್ಕೆ ಸಿಗುವುದು ಮನೆಯವರು ಏಳುವ ಮುಂಚಿನ ಎರಡೇ ಗಂಟೆ, ಹನ್ನೊಂದು ವರ್ಷಗಳಿಂದ.

ಬೇಗ ಏಳುವವರು ಅತ್ತೆ ಒಬ್ಬರೇ. ಕಾಫಿ ಲೋಟ ಇಡುತ್ತಾ ಕೇಳುತ್ತಾರೆ, "ಮತ್ತೆ ಬೈತಾ ಇದೆಯೇನೇ ನಿನ್ನ ಡಬ್ಬ?"

"ಬೈತಾನೇ ಇದೆ ಅತ್ತೆ. ಇವತ್ತು ಕಿತ್ತು ಬಿಸಾಕ್ತೀನಿ."

ಬೈಯುವುದು ಲಿಂಟರ್. ಪ್ರೋಗ್ರಾಂಗೆ ಯಾರು ಒಂದು ಸಾಲು ಬರೆದು ಕಳಿಸಿದರೂ ಓದಿ ತಪ್ಪು ಹುಡುಕುವ ಸಾಧನ. ಅದು ಒಪ್ಪದೆ ಏನೂ ಒಳಗೆ ಹೋಗುವಂತಿಲ್ಲ. ಪದಗಳ ನಡುವೆ ಜಾಗ ಒಂದಿಷ್ಟು ಹೆಚ್ಚಾದರೂ ಮುನಿಸು. ಕಿರಿಕಿರಿ ತಾಳಲಾರದೆ ಅಕ್ಕ, ಅದು ಗೊಣಗಿದ ಕಡೆಯೆಲ್ಲ 'ಇಲ್ಲಿ ಸುಮ್ಮನಿರು' ಎಂದು ಬರೆದು ಬಾಯಿ ಮುಚ್ಚಿಸಿದ್ದಾರೆ. ಅಂಥವು ಮುನ್ನೂರ ನಲವತ್ತು.

ಹೋದ ವಾರ ದೂರದ ಆಸ್ಪತ್ರೆಯ ನರ್ಸ್ ಒಬ್ಬಳು, ಹೊಸದಾಗಿ ಸೇರಿಸಿದ ಮಕ್ಕಳ ಚೀಟಿಯಲ್ಲಿ ತಪ್ಪು ಕಂಡುಹಿಡಿದಳು. ಮಗುವಿನ ತೂಕ ಎಷ್ಟೇ ಬರೆದರೂ ಔಷಧದ ಪ್ರಮಾಣ ಬದಲಾಗುತ್ತಿರಲಿಲ್ಲ. ಕೈಲೆಕ್ಕ ಹಾಕಿ ನೋಡದೆ ಔಷಧ ಕೊಡುವವಳಲ್ಲ ಅವಳು. ಹಾಗಾಗಿ ಅನಾಹುತ ತಪ್ಪಿತು. ಅಷ್ಟಿಷ್ಟು ಪ್ರೋಗ್ರಾಂ ಬರೆಯಲು ಕಲಿತಿದ್ದವಳು, ರಜೆಯ ದಿನ ಕೂತು ತಾನೇ ತಿದ್ದಿ ಕಳಿಸಿದಳು. ಲಿಂಟರ್ ಹತ್ತೊಂಬತ್ತು ಸಲ ಹಿಂದಕ್ಕೆ ಕಳಿಸಿತು. ಎಲ್ಲವೂ ಜಾಗದ ತಕರಾರೇ. "ನನ್ ಕೈಲಾಗಲ್ಲ ಅಕ್ಕಾ, ನೀವೇ ನೋಡ್ಕೊಳ್ಳಿ" ಎಂದು ಬರೆದು ಸುಮ್ಮನಾದಳು.

ಅಕ್ಕನ ಜೊತೆ ದುಡಿಯುವ ಇಬ್ಬರು ಗೆಳೆಯರೂ ಲಿಂಟರ್ ತೆಗೆಯೋಣ ಎಂದಿದ್ದಾರೆ. ತೆಗೆಯುವ ಮುನ್ನ ಅಕ್ಕ ತಮ್ಮ 'ಸುಮ್ಮನಿರು'ಗಳನ್ನು ಒಂದೊಂದಾಗಿ ಅಳಿಸುತ್ತಾ ಬರುತ್ತಾರೆ. ಇನ್ನೂರು ದಾಟಿದಾಗ ಬೆರಳು ನಿಲ್ಲುತ್ತದೆ. ಲಿಂಟರ್ ಹೇಳುತ್ತಿದೆ: 'ಮಗುವಿನ ತೂಕ ಕೇಳಿದ್ದೀರಿ, ಎಲ್ಲೂ ಬಳಸಿಲ್ಲ.'

ಕಾಫಿ ಆರುತ್ತದೆ.

"ಅದು ಹೇಳಿತ್ತು ಅತ್ತೆ. ಸುಮ್ಸುಮ್ನೆ ಕೂಗಿ ಕೂಗಿ, ನಿಜವಾಗ್ಲೂ ಕೂಗಿದಾಗ ನಾನೇ ಬಾಯಿ ಮುಚ್ಚಿಸ್ಬಿಟ್ಟೆ."

"ಹಾಗಾದ್ರೆ ಇಟ್ಕೋ. ಸುಮ್ನೆ ಕೂಗೋದನ್ನ ಬಿಡಿಸು."

ಅತ್ತೆಗೆ ಕಂಪ್ಯೂಟರ್ ಗೊತ್ತಿಲ್ಲ. ಸೊಸೆಯ ಮುಖ ಗೊತ್ತು.

ಅಕ್ಕ ಲಿಂಟರ್ ಉಳಿಸುತ್ತಾರೆ. ಜಾಗದ ನಿಯಮಗಳನ್ನೆಲ್ಲ ತೆಗೆದು, ನಿಜವಾದ ತಪ್ಪು ಹಿಡಿಯುವ ಒಂಬತ್ತನ್ನು ಮಾತ್ರ ಬಿಡುತ್ತಾರೆ. "ಇಷ್ಟು ದಿನ ಬೈದು ಈಗ ಅದರ ಪರ ವಕಾಲತ್ತಾ?" ಎಂದು ಗೆಳೆಯರೊಬ್ಬರು ಮೆಸೇಜಿನಲ್ಲಿ ಕಾಲೆಳೆಯುತ್ತಾರೆ. ನರ್ಸ್‌ಗೆ ಅಕ್ಕ ಬರೆಯುವುದು ಎರಡೇ ಸಾಲು: "ತಪ್ಪು ನಿಂದಲ್ಲಮ್ಮ, ನಂದು. ಇನ್ನೊಂದೇ ಒಂದ್ಸಲ ಕಳಿಸ್ತೀಯಾ?"

ಆರೂವರೆಗೆ ಅವಳ ತಿದ್ದುಪಡಿ ಬರುತ್ತದೆ. ಒಂದೇ ಏಟಿಗೆ ಒಳಗೆ ಹೋಗುತ್ತದೆ.

ಪ್ರೋಗ್ರಾಂ ಕಟ್ಟಿದವರ ಪಟ್ಟಿಯಲ್ಲಿ ಅಕ್ಕ ಆ ನರ್ಸ್‌ನ ಹೆಸರನ್ನು ತಮ್ಮದಕ್ಕಿಂತ ಮೇಲೆ ಸೇರಿಸುತ್ತಾರೆ. ಹಾಗಾದರೆ ನಿಮಗೇನು ಬೇಕು ಎಂದು ಗೆಳೆಯರು ಕೇಳಿದರೆ ನಗುತ್ತಾರೆ. "ನಂಗೇನು ಬೇಕು? ಆ ಹುಡುಗಿ ನಮ್ಮ ಚೀಟಿ ನೋಡಿದ್ಮೇಲೂ ಕೈಲೆಕ್ಕ ಹಾಕೋದನ್ನ ಬಿಡದೆ ಇದ್ರೆ ಸಾಕು."